ಕ್ಲಾಟ್‌ಗೆ ಬೇಕಾದ್ದು ಕಂಠಪಾಠವಲ್ಲ, ಓದಿನ ವೇಗ

ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ ಕ್ಲಾಟ್ ಬಗ್ಗೆ ವಿಚಾರಿಸಲು ಹೊರಡುವವರು ಹಾಸನ ಜಿಲ್ಲೆಯಲ್ಲಿ ಇಂದಿಗೂ ಕಡಿಮೆಯಿಲ್ಲ. ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದು ತಿಂಗಳುಗಳೇ ಉರುಳಿರುತ್ತವೆ. ಸಿಇಟಿಯಂತೆ ಇದೂ ಪಿಯು ಪರೀಕ್ಷೆಯ ಬೆನ್ನಿಗೇ ಬರುತ್ತದೆ ಎಂಬ ಎಣಿಕೆಯಿಂದ ಆಗುವ ಎಡವಟ್ಟು ಇದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ 2008ರಲ್ಲಿ ಶುರುವಾದ ಈ ಸಾಮಾನ್ಯ ಪ್ರವೇಶ ಪರೀಕ್ಷೆ 2022ರಿಂದ ಡಿಸೆಂಬರ್‌ನಲ್ಲಿ ನಡೆಯುತ್ತಿದೆ. 2026ನೇ ಸಾಲಿನ ಪ್ರವೇಶಕ್ಕೆ ಪರೀಕ್ಷೆ ನಡೆದದ್ದು 2025ರ ಡಿಸೆಂಬರ್ 7ರಂದು. ಅರ್ಜಿ ಕರೆಯುವುದು ಮಳೆಗಾಲದಲ್ಲಿ, ಜುಲೈ–ಆಗಸ್ಟ್ ಹೊತ್ತಿಗೆ. ಅಂದರೆ ದ್ವಿತೀಯ ಪಿಯುಗೆ ಸೇರಿದ ಮೊದಲ ತಿಂಗಳುಗಳಲ್ಲೇ ಅರ್ಜಿ ಹಾಕಿರಬೇಕು, ಪ್ರಥಮ ಪಿಯುವಿನಲ್ಲೇ ತಯಾರಿ ಶುರುವಾಗಿರಬೇಕು. ಯಾವ ವಿಭಾಗದಲ್ಲಿ ಓದುತ್ತಿದ್ದರೂ ಆದೀತು. ಪಿಯುನಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಸಾಕು. ವಯಸ್ಸಿನ ಮೇಲ್ಮಿತಿ ಇಲ್ಲ.

ತಡವಾಗಿ ಎಚ್ಚರಗೊಳ್ಳುವುದಕ್ಕಿಂತ ದೊಡ್ಡ ತಪ್ಪು, ಬೇಗ ಎಚ್ಚೆತ್ತವರು ಮಾಡುವ ತಯಾರಿಯಲ್ಲಿದೆ. ಕಾನೂನು ಕಾಲೇಜಿನ ಪರೀಕ್ಷೆ ಎಂದ ಕೂಡಲೇ ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕವೊಂದು, ಕಾನೂನಿನ ಕಲಮುಗಳ ಪುಸ್ತಕವೊಂದು ಮನೆಗೆ ಬರುತ್ತವೆ. ಭಾರತೀಯ ದಂಡ ಸಂಹಿತೆಯ ಕಲಮುಗಳನ್ನು ಬಾಯಿಪಾಠ ಮಾಡಿಸುವವರು ಈಗಲೂ ಇದ್ದಾರೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದು ಅವರಿಗೆ ಮುಟ್ಟಿದಂತಿಲ್ಲ. ಮುಟ್ಟಿದ್ದರೂ ಅದರಿಂದ ದೊಡ್ಡ ಉಪಯೋಗವಿರಲಿಲ್ಲ, ಏಕೆಂದರೆ 2020ರಿಂದ ಈ ಪರೀಕ್ಷೆಯ ಸ್ವರೂಪವೇ ಬದಲಾಗಿದೆ. ಈಗ ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸುಮಾರು 450 ಪದಗಳ ಒಂದು ಇಂಗ್ಲಿಷ್ ಬರಹ ಕೊಟ್ಟು, ಅದರ ಕೆಳಗೆ ಐದಾರು ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ ಈ ನಾಲ್ಕಕ್ಕೂ ಇದೇ ಕ್ರಮ. ಗಣಿತದ ಭಾಗ ಮಾತ್ರ ಚಿಕ್ಕದು, 10ರಿಂದ 14 ಪ್ರಶ್ನೆ. ಹತ್ತನೇ ತರಗತಿಯ ಶೇಕಡಾವಾರು, ಸರಾಸರಿ, ಅನುಪಾತ ಗೊತ್ತಿದ್ದರೆ ಸಾಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಟ್ಟು 120 ಪ್ರಶ್ನೆ, 120 ನಿಮಿಷ. ಗಣಿತ ಬಿಟ್ಟರೆ ಉಳಿದ ನೂರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಇಪ್ಪತ್ತು ಬರಹಗಳೆಂದರೂ 9,000 ಪದಗಳನ್ನು ಓದಬೇಕಾಗುತ್ತದೆ. ನಿಮಿಷಕ್ಕೆ 150 ಪದ ಓದುವ ವಿದ್ಯಾರ್ಥಿಗೆ ಬರಿಯ ಓದಿಗೇ ಒಂದು ಗಂಟೆ ಹೋಗುತ್ತದೆ. ಉಳಿದ ಒಂದು ಗಂಟೆಯಲ್ಲಿ ಪ್ರಶ್ನೆಯೊಂದಕ್ಕೆ ಸಿಗುವುದು 30 ಸೆಕೆಂಡು. ನಿಮಿಷಕ್ಕೆ 225 ಪದ ಓದುವವನಿಗೆ ಓದು 40 ನಿಮಿಷಕ್ಕೆ ಮುಗಿದು, ಪ್ರಶ್ನೆಗೆ 40 ಸೆಕೆಂಡು ಉಳಿಯುತ್ತದೆ. ಇಬ್ಬರ ಬುದ್ಧಿಯೂ ಒಂದೇ, ಕಾನೂನಿನ ತಿಳಿವಳಿಕೆಯೂ ಒಂದೇ ಎಂದಿಟ್ಟುಕೊಂಡರೂ ಎರಡನೆಯವನು ಪ್ರತಿ ಪ್ರಶ್ನೆಗೂ ಮೂರನೇ ಒಂದು ಪಾಲು ಹೆಚ್ಚು ಹೊತ್ತು ಯೋಚಿಸಬಲ್ಲ. ಬಾಯಿಪಾಠಕ್ಕೆ ಕಳೆಯುವ ತಿಂಗಳುಗಳನ್ನು ಓದಿನ ವೇಗಕ್ಕೆ ಹಾಕಿ ಎಂದು ಹೇಳುವುದು ಈ ಕಾರಣಕ್ಕೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದು ಆಗದ ಮಾತು ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುವುದು ಅನ್ಯಾಯವೇ. ವಕೀಲಿ ಪದವಿ ಮುಗಿಸಿದ ಮೇಲೆ ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಒಳಗೆ ಸೇರಿಸಿಕೊಳ್ಳುವ ಪರೀಕ್ಷೆಯನ್ನು ಬರೆಯುವಂತಿಲ್ಲ ಎಂಬುದು ಯಾವ ನ್ಯಾಯವೋ! ಭಾರತೀಯ ಭಾಷೆಗಳಲ್ಲೂ ಕ್ಲಾಟ್ ನಡೆಸಬೇಕೆಂದು ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ದಾಖಲಾಗಿತ್ತು. ಆದರೆ ವ್ಯವಸ್ಥೆ ಬದಲಾಗುವವರೆಗೆ ಹಳೇಕೋಟೆಯಂಥ ಹಳ್ಳಿಯ ಹುಡುಗಿ ಕಾಯುತ್ತಾ ಕೂರಲು ಆಗುವುದಿಲ್ಲ. ಆಕೆಗೆ ಕೊರತೆಯಿರುವುದು ವಿಚಾರಶಕ್ತಿಯಲ್ಲಿ ಅಲ್ಲ, ಇಂಗ್ಲಿಷ್ ಪುಟದ ಮೇಲೆ ಕಣ್ಣು ಓಡುವ ರೂಢಿಯಲ್ಲಿ. ರೂಢಿಯನ್ನು ಒಂದೂವರೆ ವರ್ಷದಲ್ಲಿ ಬೆಳೆಸಿಕೊಳ್ಳಬಹುದು, ಒಂದೂವರೆ ತಿಂಗಳಲ್ಲಿ ಆಗದು.

ಬೆಳೆಸಿಕೊಳ್ಳುವ ದಾರಿ ಹೀಗೆ. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದುವುದು. ವಿಷಯ ಮೊದಲೇ ತಿಳಿದಿರುವುದರಿಂದ ಇಂಗ್ಲಿಷ್ ಪದಗಳ ಅರ್ಥ ನಿಘಂಟು ತೆರೆಯದೆಯೇ ಹೊಳೆಯತೊಡಗುತ್ತದೆ. ಶುರುವಿಗೆ ನಮ್ಮ ಸೀಮೆಯ ವಿಷಯಗಳನ್ನೇ ಆರಿಸಿಕೊಳ್ಳಿ: ಹೇಮಾವತಿ ನೀರನ್ನೂ ಒಳಗೊಂಡ ಕಾವೇರಿ ವ್ಯಾಜ್ಯದ 2018ರ ಸುಪ್ರೀಂ ಕೋರ್ಟ್ ತೀರ್ಪು, ಬೇಲೂರು–ಹಳೇಬೀಡಿನ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು, ಹಾಸನದ ವಕೀಲೆ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು, ಸಕಲೇಶಪುರ–ಆಲೂರಿನ ಆನೆ ಹಾವಳಿ. ಮೂರು ತಿಂಗಳು ಹೀಗೆ ಸಾಗಿದ ಮೇಲೆ ಕನ್ನಡದ ಊರುಗೋಲು ಬಿಟ್ಟು, ಸಂಪಾದಕೀಯ ಪುಟದ ಒಂದು ಲೇಖನವನ್ನು ಗಡಿಯಾರ ಇಟ್ಟುಕೊಂಡು ಓದಿ. ಓದಿ ಮುಗಿದ ಕೂಡಲೇ ಪತ್ರಿಕೆ ಮಡಿಸಿ, ಲೇಖಕರು ಏನು ಹೇಳಿದರು, ಅದಕ್ಕೆ ಕೊಟ್ಟ ಕಾರಣವೇನು, ಯಾರ ಮಾತನ್ನು ಅಲ್ಲಗಳೆದರು ಎಂಬುದನ್ನು ಮೂರು ವಾಕ್ಯದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಮೂರು ವಾಕ್ಯ ಬರೆಯಲು ಬಾರದಿದ್ದರೆ ಕಣ್ಣು ಓಡಿತೇ ಹೊರತು ಓದು ಆಗಲಿಲ್ಲ.

ಇನ್ನು ಕಾನೂನು ತರ್ಕದ ಭಾಗ. 28ರಿಂದ 32 ಪ್ರಶ್ನೆಗಳಿರುವ, ಒಳ್ಳೆಯ ವಿದ್ಯಾರ್ಥಿಗಳೇ ಹೆಚ್ಚು ಮುಗ್ಗರಿಸುವ ಜಾಗ ಇದು. ಇಲ್ಲಿ ಒಂದು ನಿಯಮವನ್ನು ಬರಹದಲ್ಲೇ ಕೊಟ್ಟಿರುತ್ತಾರೆ, ಕೆಳಗೊಂದು ಪ್ರಸಂಗ ಹೇಳುತ್ತಾರೆ, ನಿಯಮವನ್ನು ಪ್ರಸಂಗಕ್ಕೆ ಅನ್ವಯಿಸಬೇಕು. ಉದಾಹರಣೆಗೆ ನಿಯಮ ಹೀಗಿದೆ ಎನ್ನೋಣ: ಸಾಕಿದ ದನ ಬೇರೆಯವರ ಜಮೀನಿಗೆ ನುಗ್ಗಿ ಬೆಳೆ ಹಾಳು ಮಾಡಿದರೆ, ಮಾಲೀಕನ ತಪ್ಪಿರಲಿ ಇಲ್ಲದಿರಲಿ, ಆತ ನಷ್ಟ ಕಟ್ಟಿಕೊಡಬೇಕು, ಮೂರನೆಯವರು ಬೇಕೆಂದೇ ದನ ಬಿಚ್ಚಿ ಬಿಟ್ಟಿದ್ದರೆ ಮಾತ್ರ ಆತನಿಗೆ ಹೊಣೆಯಿಲ್ಲ. ಪ್ರಸಂಗ: ಗಾಳಿಮಳೆಯ ರಾತ್ರಿ ಸಿಡಿಲಿಗೆ ಬೆದರಿದ ಎತ್ತು ಗಟ್ಟಿಯಾದ ಹೊಸ ಹಗ್ಗ ಕಿತ್ತುಕೊಂಡು ಪಕ್ಕದವರ ಆಲೂಗಡ್ಡೆ ಹೊಲ ತುಳಿಯಿತು. ಮಾಲೀಕ ಹೊಣೆಯೇ? ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ‘ಅಲ್ಲ’ ಎಂದು ಗುರುತು ಹಾಕುತ್ತಾರೆ. ಪಾಪ, ಸಿಡಿಲು ಬಡಿದರೆ ಅವನೇನು ಮಾಡಿಯಾನು ಎಂಬ ಊರಿನ ನ್ಯಾಯ ಮನಸ್ಸಿನಲ್ಲಿ ಕೆಲಸ ಮಾಡುತ್ತದೆ. ಇನ್ನಷ್ಟು ಓದಿಕೊಂಡವರು ‘ದೈವಕೃತ್ಯ’ ಎಂಬ ವಿನಾಯಿತಿಯನ್ನು ಎಲ್ಲಿಂದಲೋ ಎಳೆದು ತರುತ್ತಾರೆ. ಆದರೆ ಕೊಟ್ಟ ನಿಯಮದಲ್ಲಿ ತಪ್ಪಿನ ಪ್ರಶ್ನೆಯೇ ಇಲ್ಲ, ವಿನಾಯಿತಿ ಒಂದೇ, ಅದರಲ್ಲಿ ಸಿಡಿಲಿಲ್ಲ. ಮಾಲೀಕ ನಷ್ಟ ಕಟ್ಟಲೇಬೇಕು.

ಇದೇ ಪ್ರಸಂಗವನ್ನು ತಿರುಗಿಸಿ ಎರಡನೇ ಪ್ರಶ್ನೆ ಕೇಳುತ್ತಾರೆ: ನೆರೆಮನೆಯ ಹುಡುಗ ಕತ್ತಲೆಯಲ್ಲಿ ತಮ್ಮದೇ ಎತ್ತೆಂದು ತಿಳಿದು ಹಗ್ಗ ಬಿಚ್ಚಿದ. ಈಗ? ‘ಮೂರನೆಯವರು’ ಎಂಬ ಪದ ಕಂಡ ಕೂಡಲೇ ವಿನಾಯಿತಿ ಸಿಕ್ಕಿತೆಂದು ಹಾರುವವರೇ ಹೆಚ್ಚು. ನಿಯಮದಲ್ಲಿ ‘ಬೇಕೆಂದೇ’ ಎಂದಿದೆ; ಹುಡುಗ ಬಿಚ್ಚಿದ್ದು ತಪ್ಪು ತಿಳಿದು. ಬೇರೆಯವರ ಎತ್ತನ್ನು ಬೇಕೆಂದೇ ಬಿಟ್ಟ ಎನ್ನಲಾಗದು, ಹಾಗಾಗಿ ಮಾಲೀಕನ ಹೊಣೆ ಹಾಗೆಯೇ ಉಳಿಯುತ್ತದೆ. ಪ್ರಶ್ನೆ ತೆಗೆಯುವವರು ಬಲೆ ಹಾಕುವುದೇ ಇಂಥ ಪದಗಳ ಮೇಲೆ: ಬೇಕೆಂದೇ, ಮಾತ್ರ, ಹೊರತು, ಮತ್ತು, ಅಥವಾ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಇವುಗಳ ಕೆಳಗೆ ಗೆರೆ ಎಳೆಯುವುದನ್ನು ರೂಢಿಸಿಕೊಳ್ಳಿ. ಪ್ರತಿ ಉತ್ತರಕ್ಕೂ ಬರಹದ ಯಾವ ವಾಕ್ಯ ಆಧಾರ ಎಂದು ಬೆರಳಿಟ್ಟು ತೋರಿಸಲು ಬರಬೇಕು. ತೋರಿಸಲು ಬಾರದ ಉತ್ತರ ಸರಿಯಾಗಿದ್ದರೂ ಅದನ್ನು ತಪ್ಪೆಂದೇ ಲೆಕ್ಕ ಹಾಕಿಕೊಳ್ಳಿ, ಏಕೆಂದರೆ ಡಿಸೆಂಬರ್‌ನಲ್ಲಿ ಅದೃಷ್ಟ ಹಾಗೆಯೇ ಕೈ ಹಿಡಿಯುತ್ತದೆ ಎಂಬ ಖಾತರಿಯಿಲ್ಲ. ಹಾಗಾದರೆ ಕಾನೂನು ಗೊತ್ತಿರುವುದೇ ತೊಂದರೆಯೇ ಎಂದು ಕೇಳಬಹುದು. ಗೊತ್ತಿದ್ದರೆ ಬರಹ ಬೇಗ ಅರ್ಥವಾಗುತ್ತದೆ, ಅಷ್ಟರ ಮಟ್ಟಿಗೆ ಲಾಭ. ಗೊತ್ತಿರುವ ಕಾನೂನಿಗೂ ಕೊಟ್ಟ ನಿಯಮಕ್ಕೂ ಜಗಳ ಬಂದಾಗ ಕೊಟ್ಟ ನಿಯಮವೇ ಗೆಲ್ಲಬೇಕು. ಪ್ರಚಲಿತ ವಿದ್ಯಮಾನದ ಭಾಗದಲ್ಲಿ ಮಾತ್ರ ಇದು ತಿರುವುಮುರುವು: ಅಲ್ಲಿ ಬರಹದಲ್ಲಿಲ್ಲದ ಸಂಗತಿಯನ್ನೂ ಕೇಳುತ್ತಾರೆ, ದಿನಾ ಪತ್ರಿಕೆ ಓದಿದವರಿಗೇ ಅಂಕ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಹಾಗಾಗಿ ‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ’ ಎಂಬ ಬುದ್ಧಿವಾದ ಎಲ್ಲೆಡೆ ಚಾಲ್ತಿಯಲ್ಲಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನಾಲ್ಕು ಆಯ್ಕೆಗಳ 24 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 6 ಸರಿ, 18 ತಪ್ಪು; ಆರರಿಂದ ನಾಲ್ಕೂವರೆ ಕಳೆದರೆ ಒಂದೂವರೆ ಅಂಕ ಉಳಿಯುತ್ತದೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಇದು 4 ಅಂಕ, ಎರಡನ್ನು ತಳ್ಳಿಹಾಕಬಲ್ಲವರಿಗೆ 9. ಆದರೆ ಬರಹವನ್ನು ಅರೆಬರೆ ಓದಿ, ಚೆಂದ ಕಂಡ ಆಯ್ಕೆಗೆ ಕೈ ಹಾಕಿದರೆ ಈ ಲೆಕ್ಕ ನಡೆಯುವುದಿಲ್ಲ. ಅಂಥವರಿಗೆಂದೇ ಒಂದು ಆಯ್ಕೆಯನ್ನು ಸಿಂಗರಿಸಿ ಇಟ್ಟಿರುತ್ತಾರೆ. ಓದಿ ತಳ್ಳಿಹಾಕಲು ಬರುವಲ್ಲಿ ಧೈರ್ಯ ಮಾಡಿ, ಓದದೆ ಉಳಿದ ಬರಹದ ಪ್ರಶ್ನೆಗಳಲ್ಲಿ ಲಾಭ ತೀರಾ ಅಲ್ಪ.

ಅರ್ಜಿ ತುಂಬುವಾಗ ಒಂದು ಎಚ್ಚರ ಬೇಕು. 1980ರ ದಶಕದಲ್ಲಿ ಕರ್ನಾಟಕದ ಶಾಸನದಿಂದಲೇ ಹುಟ್ಟಿದ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, 2021ರಿಂದ ಶೇ 25ರಷ್ಟು ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಇಟ್ಟಿದೆ. ಅಡ್ಡ ಮೀಸಲಾತಿಯಾದ್ದರಿಂದ ಸಾಮಾನ್ಯ ವರ್ಗವೂ ಸೇರಿ ಎಲ್ಲ ವರ್ಗಗಳ ಒಳಗೂ ಇದು ಅನ್ವಯವಾಗುತ್ತದೆ. ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಅರ್ಜಿಯಲ್ಲೇ ಇದನ್ನು ಗುರುತು ಮಾಡಿ, ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಜಾತಿ, ಆದಾಯ ಪತ್ರಗಳಿಗೆ ನಾಡಕಚೇರಿಗೆ ಅರ್ಜಿ ಹಾಕುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ. ಹೆಸರಿನ ಕಾಗುಣಿತ, ಇನಿಷಿಯಲ್ ಎಲ್ಲ ಪತ್ರಗಳಲ್ಲೂ ಒಂದೇ ರೀತಿ ಇರಲಿ. ಈಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ 4,000 ರೂಪಾಯಿ. ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500.

ಬೆಂಗಳೂರಿನ ಕೋಚಿಂಗ್ ಇಲ್ಲದೆ ಆಗುವುದಿಲ್ಲ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಕೋಚಿಂಗ್‌ನಿಂದ ಸಿಗುವ ಮುಖ್ಯ ಲಾಭ ಶಿಸ್ತು ಮತ್ತು ಅಣಕು ಪರೀಕ್ಷೆ. 2020ರ ನಂತರದ ಹಳೆಯ ಪ್ರಶ್ನೆಪತ್ರಿಕೆಗಳು ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅವನ್ನು ಅಚ್ಚು ಹಾಕಿಸಿ, ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ, ನಿಜವಾದ ಪರೀಕ್ಷೆಯ ಹೊತ್ತಿನಲ್ಲೇ, ಉತ್ತರ ಹಾಳೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾ ಬರೆಯಿರಿ. ಊಟ ಮಾಡಿ ತೂಕಡಿಸುವ ಹೊತ್ತು ಅದು, ರೂಢಿ ಬೇಕು.

ಪರೀಕ್ಷೆಯ ದಿನ: ಕೇಂದ್ರ ಬೆಂಗಳೂರಾದರೆ ಹಿಂದಿನ ಸಂಜೆಯೇ ತಲುಪಿ. ಪ್ರವೇಶಪತ್ರ, ಗುರುತಿನ ಚೀಟಿ, ಬಾಲ್ ಪೆನ್ನು ಮರೆಯಬೇಡಿ. ಉತ್ತರಗಳನ್ನು ಕೊನೆಯಲ್ಲಿ ಒಟ್ಟಿಗೆ ತುಂಬುವ ಬದಲು ಬರಹ ಬರಹಕ್ಕೂ ತುಂಬುತ್ತಾ ಹೋಗಿ. ಬರೆದು ಬಂದ ಮೇಲೆ ಉತ್ತರಸೂಚಿ ಹಿಡಿದು ಕೂರದೆ ಪಿಯು ಪುಸ್ತಕ ತೆರೆಯಿರಿ; ಸೂಚಿ ಅಂತಿಮವಾಗಲು ತಿಂಗಳುಗಳೇ ಹಿಡಿಯಬಹುದು. 2024ರ ಡಿಸೆಂಬರ್‌ನ ಪರೀಕ್ಷೆಯ ಉತ್ತರಸೂಚಿಯ ವ್ಯಾಜ್ಯ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ರ‍್ಯಾಂಕ್ ಬಾರದಿದ್ದರೆ ವಕೀಲಿಯ ಬಾಗಿಲು ಮುಚ್ಚುವುದಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಹಾಸನದಲ್ಲೂ ಹೊಳೆನರಸೀಪುರದಲ್ಲೂ ಇವೆ. ಅಲ್ಲಿ ಕ್ಲಾಟ್ ಬೇಕಿಲ್ಲ, ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶವೂ ಇದೆ. ಐದು ವರ್ಷದ ಕೋರ್ಸ್ ಎಲ್ಲೆಲ್ಲಿದೆ ಎಂದು ಮೊದಲೇ ವಿಚಾರಿಸಿ, ಪಿಯು ಫಲಿತಾಂಶ ಬಂದ ಕೂಡಲೇ ಆ ಅರ್ಜಿಯನ್ನೂ ಹಾಕಿಡಿ.