‘ತುಲನೆ’ : ಒಂದು ಶಬ್ದವಿಚಾರ

ಒಂದು ಜನಾಂಗದ ಆಚಾರವಿಚಾರಗಳನ್ನು ಮತ್ತೊಂದರ ಮಗ್ಗುಲಲ್ಲಿಟ್ಟು ಪರಿಶೀಲಿಸುವ ಅಧ್ಯಯನವನ್ನು ಕನ್ನಡದಲ್ಲಿ ‘ಅಂತರಸಾಂಸ್ಕೃತಿಕ ತುಲನೆ’ ಎಂದು ಕರೆಯುವುದುಂಟು. ಇಂಗ್ಲಿಷಿನ ‘ಕ್ರಾಸ್-ಕಲ್ಚರಲ್’ ಎಂಬ ವಿಶೇಷಣವನ್ನು ಮನದಲ್ಲಿಟ್ಟುಕೊಂಡು ಕಟ್ಟಿದ ಮಾತು ಇದು. ಇದರ ಪೂರ್ವಪದದಲ್ಲಿಯೇ ಎಡವುವವರುಂಟು. ‘ಅಂತರ್’ ಎಂಬ ಅವ್ಯಯಕ್ಕೆ ಮುಖ್ಯವಾಗಿ ಒಳಗೆ ಎಂದರ್ಥ. ಅಂತರ್ಮುಖ, ಅಂತಃಕರಣ ಎಂಬಲ್ಲಿ ಇರುವುದು ಅದು. ‘ಅಂತರ’ ಎಂಬುದಾದರೋ ನಡುವಣ ತೆರಪು, ಭೇದ, ಬೇರೊಂದು ಎಂಬ ಅರ್ಥಗಳುಳ್ಳದ್ದು. ದೇಶಾಂತರ, ಮತಾಂತರ ಎಂಬಲ್ಲಿಯಂತೆ. ಆದುದರಿಂದ ‘ಅಂತಸ್ಸಾಂಸ್ಕೃತಿಕ’ವೆಂದು ಬರೆದರೆ ಒಂದೇ ಸಂಸ್ಕೃತಿಯ ಒಳಗಿನ ವಿಚಾರವೆಂದು ಓದುಗನು ಗ್ರಹಿಸಿಯಾನು.

ಉತ್ತರಪದವೇ ಇಲ್ಲಿ ಮುಖ್ಯವಾಗಿ ವಿಚಾರಣೀಯವಾದುದು. ‘ತುಲ ಉನ್ಮಾನೇ’ ಎಂದು ಧಾತುಪಾಠ, ತೂಗುವುದೆಂದು ತಾತ್ಪರ್ಯ. ‘ತುಲಾ’ ಎಂದರೆ ತಕ್ಕಡಿ. ತಕ್ಕಡಿಯಿಂದ ಸಮವೆಂದು ಅಳೆಯಲ್ಪಟ್ಟದ್ದು ‘ತುಲ್ಯ’ವೆಂದು ಪಾಣಿನಿಯ ಸೂತ್ರವೊಂದರಿಂದ ಸಿದ್ಧಿಸುತ್ತದೆ. ಎರಡು ತಟ್ಟೆಗಳು ಸಾಲವು. ಅವೆರಡಕ್ಕೂ ಸೇರದ ದಂಡವೊಂದು ನಡುವೆ ಇರಬೇಕು. ಈ ದಂಡವನ್ನು ಮರೆತವರು ತುಲನೆಯೆಂಬ ಹೆಸರಿನಲ್ಲಿ ಮಾಡುವುದು ಉಪಮೆಯನ್ನು.

ಉಪಮೆಯಲ್ಲಿ ಉಪಮಾನವು ಪ್ರಸಿದ್ಧವಾದುದು, ಗುಣಾಧಿಕವಾದುದು. ಉಪಮೇಯವು ಅದರಿಂದ ಬೆಳಕನ್ನು ಪಡೆಯುವುದು. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಚಂದ್ರನ ಯೋಗ್ಯತೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಕಾವ್ಯಕ್ಕೆ ಇದು ಭೂಷಣ. ಸಂಸ್ಕೃತಿಗಳ ವಿಚಾರದಲ್ಲಿ ಇದೇ ದೋಷವಾಗುತ್ತದೆ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದನು. ಅದರ ಪೀಠಿಕೆಯಲ್ಲಿ ಕಾಳಿದಾಸನನ್ನು ಭಾರತದ ಶೇಕ್ಸ್‌ಪಿಯರ್ ಎಂದು ಕರೆದನು. ಅವನ ಉದ್ದೇಶ ಪ್ರಶಂಸೆಯೇ, ಸಂದೇಹವಿಲ್ಲ. ಆದರೆ ಸಾವಿರ ವರ್ಷಕ್ಕೂ ಹಿಂದಿನ ಕವಿ ಉಪಮೇಯನಾದನು, 1616ರಲ್ಲಿ ತೀರಿಕೊಂಡವನು ಉಪಮಾನನಾದನು. ಶೇಕ್ಸ್‌ಪಿಯರನನ್ನು ಇಂಗ್ಲೆಂಡಿನ ಕಾಳಿದಾಸನೆಂದರೆ ನಮ್ಮವರಿಗೆ ಹಿತವಾದೀತು. ಅದೂ ತುಲನೆಯಲ್ಲ, ಪ್ರತೀಪಾಲಂಕಾರ.

ಪಶ್ಚಿಮದ ವಿದ್ವಾಂಸರೂ ಈ ತೊಡಕನ್ನು ಅರಿಯದವರಲ್ಲ. ಟೈಲರ್ ಎಂಬ ಪಂಡಿತನು ಸುಮಾರು 350 ಜನಾಂಗಗಳ ವಿವಾಹಪದ್ಧತಿಗಳನ್ನು ಪಟ್ಟಿಮಾಡಿ ಬರೆದ ಪ್ರಬಂಧವು 1889ರಲ್ಲಿ ಪ್ರಕಟವಾಯಿತು. ಒಂದು ಪದ್ಧತಿಯನ್ನು ನೆರೆಯವರಿಂದ ನೆರೆಯವರು ಕಲಿತಿದ್ದರೆ ಅದನ್ನು ಎರಡು ಸಾಕ್ಷಿಗಳೆಂದು ಎಣಿಸುವುದು ಹೇಗೆಂದು ಗಾಲ್ಟನ್ ಆಕ್ಷೇಪಿಸಿದನು. ಒಂದೇ ಕಲ್ಲನ್ನು ಎರಡು ಸಲ ತಟ್ಟೆಗೆ ಹಾಕಿದ ವರ್ತಕನ ಮೇಲೆ ಬರುವ ಆಕ್ಷೇಪವೇ ಅದು. 1937ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮರ್ಡಾಕನು ಆರಂಭಿಸಿದ ‘ಕ್ರಾಸ್-ಕಲ್ಚರಲ್ ಸರ್ವೆ’ಯಲ್ಲಿ ವಿವಾಹ, ಆಹಾರ, ವಸತಿ ಮೊದಲಾದ ಶೀರ್ಷಿಕೆಗಳನ್ನು ಮೊದಲೇ ನಿಶ್ಚಯಿಸಿ, ಜನಾಂಗಗಳ ವಿವರಗಳನ್ನು ಅವುಗಳ ಕೆಳಗೆ ಸೇರಿಸಿದರು. ಆ ಶೀರ್ಷಿಕೆಗಳೇ ಅಲ್ಲಿ ದಂಡ. ಅವು ಯಾರ ಮನೆಯ ಮಾತುಗಳೆಂಬ ಪ್ರಶ್ನೆಯು ಉಳಿಯಿತು.

ಇದರ ಮಹತ್ತ್ವವು ಒಂದು ಉದಾಹರಣೆಯಿಂದ ವಿಶದವಾದೀತು. ‘ದಾಸೋಹ’ವನ್ನು ಆ ಬಗೆಯ ಪಟ್ಟಿಯಲ್ಲಿ ಎಲ್ಲಿ ಬರೆಯಬೇಕು? ಬಡವರಿಗೆ ಅನ್ನವಿಕ್ಕುವುದೆಂದು ತಿಳಿದವನು ‘ಚಾರಿಟಿ’ ಎಂಬ ಶೀರ್ಷಿಕೆಯ ಕೆಳಗೆ ಬರೆದು ಮುಗಿಸುವನು. ಉಂಡವನ ಹಸಿವು ತೀರುವುದೆಂಬ ಅಂಶವು ಎರಡರಲ್ಲಿಯೂ ಸಮಾನವೇ ಸರಿ. ಆದರೆ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವನ್ನು ‘ದಾಸೋಹಂ’ ಎಂಬ ಮಾತೇ ತಲೆಕೆಳಗು ಮಾಡುತ್ತದೆ. ಇಲ್ಲಿ ನೀಡುವವನೇ ದಾಸನು. ಕೊಟ್ಟೆನೆಂಬ ಭಾವ ಮೂಡಿದೊಡನೆ ಅದು ದಾಸೋಹವಾಗಿ ಉಳಿಯದು.

ಹೀಗೆಂದು ನಮ್ಮದೇ ಮೇಲೆಂದು ತೀರ್ಮಾನಿಸಲು ಅವಸರಪಡುವವರು ಎದುರಿನ ತಟ್ಟೆಯನ್ನೂ ಒಮ್ಮೆ ನೋಡಬೇಕು. ‘ಚಾರಿಟಿ’ ಶಬ್ದವು ಲ್ಯಾಟಿನಿನ ‘ಕಾರಿತಾಸ್’ ಎಂಬುದರಿಂದ ಬಂದುದು. ಪ್ರೀತಿಯೆಂಬುದು ಅದರ ಅರ್ಥ. ಗ್ರೀಕಿನ ‘ಅಗಾಪೆ’ಯನ್ನು ಲ್ಯಾಟಿನ್ ಬೈಬಲ್ಲಿನಲ್ಲಿ ಅನೇಕ ಕಡೆ ಈ ಶಬ್ದದಿಂದಲೇ ಅನುವಾದಿಸಿದ್ದಾರೆ. ದೀನರಿಗೆ ಬಿಸಾಡಿದ ಕಾಸು ಎಂಬ ಈಗಿನ ಅರ್ಥವನ್ನು ಅದರ ಮೇಲೆ ಹೊರಿಸಿ ದಾಸೋಹದೊಡನೆ ತೂಗಿದರೆ, ಜೋನ್ಸನು ಕಾಳಿದಾಸನಿಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದಂತೆ. ಕಾರಿತಾಸ್ ಮತ್ತು ದಾಸೋಹ ಇವೆರಡನ್ನೂ ಅವುಗಳ ಮೂಲಾರ್ಥದಲ್ಲಿ ತಟ್ಟೆಗಿಟ್ಟಾಗ, ಕೊಡುವವನ ಮನಸ್ಸು ಎಂತಹದೆಂಬ ಹೊಸ ಶೀರ್ಷಿಕೆಯೊಂದು ಬೇಕಾಗುತ್ತದೆ. ಅನ್ನದ ಶೀರ್ಷಿಕೆಯು ಅದಕ್ಕೆ ಸಾಲದು.