ಮಡ್ಡಿ ಹೊಲದ ಪಂಪು: ಅಳೆದು ಕಲಿತ ಪಾಠ



ಆಲಮೇಲ ಎಂದರೆ ಭೀಮಾ ತೀರದ ಎರೆ ಭೂಮಿ, ಕಬ್ಬು, ತೊಗರಿ ನೆನಪಾಗುತ್ತವೆ. ಆದರೆ ನಮ್ಮ ಮನೆಯ ಒಂದು ಎಕರೆ ಇಳಿಜಾರಿನ ಮಡ್ಡಿ. ಮಣ್ಣಿಗಿಂತ ಕಲ್ಲೇ ಹೆಚ್ಚು. ಮೂರು ವರ್ಷದ ಹಿಂದೆ ಅಬ್ಬಾ ಅಲ್ಲಿ ನೂರು ಲಿಂಬೆ ಗಿಡ ಹಚ್ಚಿದರು. ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆಯಲ್ಲ, ನಮ್ಮ ಮಡ್ಡಿಗೂ ಅದು ಒಗ್ಗೀತು ಎಂಬುದು ಅವರ ಆಸೆ.

ಗಿಡ ಚಿಗುರಿದಾಗ ಎಲೆ ಸುರಂಗ ಹುಳು, ಎಲೆ ತಿನ್ನುವ ಹುಳು ಬರುತ್ತವೆ. ಆಗ ನಮ್ಮ ಕಡೆ ಹೇಳುವಂತೆ ‘ಎಣ್ಣೆ ಹೊಡೆಯಬೇಕು’. ಗಿಡಕ್ಕೆ 2 ಲೀಟರ್ ಹಿಡಿದರೆ ಒಟ್ಟು 200 ಲೀಟರ್. ಬೆನ್ನಿಗೆ ಹಾಕುವ ಪಂಪಿನಲ್ಲಿ 16 ಲೀಟರ್ ಮಾತ್ರ ಹಿಡಿಯುತ್ತದೆ. ಅಂದರೆ 16 ಕಿಲೋ ನೀರು ಹೊತ್ತು 13 ಸಲ ದಿಬ್ಬ ಏರಬೇಕು.

ಕಳೆದ ಮಳೆಗಾಲದಲ್ಲಿ ಅಬ್ಬಾ ಕಲ್ಲಿನ ಮೇಲೆ ಜಾರಿ ಬಿದ್ದರು. ಮುಚ್ಚಳ ಬಿಚ್ಚಿ ಔಷಧವೆಲ್ಲ ಬೆನ್ನ ಮೇಲೆ ಸುರಿಯಿತು. ಅಮ್ಮಿ ತಕ್ಷಣ ಅಂಗಿ ತೆಗೆಸಿ ಸಾಬೂನು ಹಚ್ಚಿ ತೊಳೆದರು. ಆದರೂ ತಲೆ ಸುತ್ತು, ವಾಂತಿ ನಿಲ್ಲದೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು ಔಷಧದ ಡಬ್ಬಿಯನ್ನು. ನಾವು ಅದನ್ನು ಹೊಲದಲ್ಲೇ ಬಿಟ್ಟು ಬಂದಿದ್ದೆವು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಸಿಂಪಡಿಸುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಸುದ್ದಿಯ ಅರ್ಥ ನನಗೆ ಆ ರಾತ್ರಿ ತಿಳಿಯಿತು.

ಪಂಪು ಕಟ್ಟಿದ್ದು

ಮಾಮು ವೆಲ್ಡಿಂಗ್ ಕೆಲಸ ಮಾಡುತ್ತಾರೆ. ಅವರ ಯೋಚನೆ ಸರಳ: ಭಾರ ಕೆಳಗಿನ ಒಡ್ಡಿನ ಮೇಲೇ ಇರಲಿ, ಪೈಪು ಮಾತ್ರ ಮೇಲೆ ಹೋಗಲಿ. ಹಳೆಯ ಸೈಕಲ್ ಗಾಲಿಗಳ ಗಾಡಿಯ ಮೇಲೆ 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, 12 ವೋಲ್ಟಿನ ಬ್ಯಾಟರಿ ಮತ್ತು ಪಂಪು, 60 ಮೀಟರ್ ಪೈಪು, ಒತ್ತಡ ತೋರಿಸುವ ಗೇಜು. ಪಂಪಿನಿಂದ ಒಂದು ಸಣ್ಣ ಪೈಪು ಡ್ರಮ್ಮಿಗೇ ಮರಳುತ್ತದೆ. ಅದರ ವಾಲ್ವು ತಿರುಗಿಸಿ ಒತ್ತಡ ಹೊಂದಿಸಬಹುದು. ಮರಳುವ ನೀರು ಡ್ರಮ್ಮನ್ನು ಕಲಕುವುದರಿಂದ ಪುಡಿ ಔಷಧ ತಳಕ್ಕೆ ಕೂರುವುದಿಲ್ಲ. ಡ್ರಮ್ಮು ಕಬ್ಬಿಣದ್ದಾಗಬಾರದು, ಏಕೆಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಎಲೆಯ ಅಡಿಗೂ ಹನಿ ತಲುಪಲೆಂದು ಶಂಕುವಿನಂತೆ ಸಿಡಿಸುವ ನಾಜಲ್ ಹಾಕಿದೆವು. ಚಪ್ಪಟೆಯಾಗಿ ಸಿಡಿಸುವ ನಾಜಲ್ ಕಳೆನಾಶಕಕ್ಕೆ ಸರಿ.

ಅಳೆದದ್ದು

ಮೊದಲ ದಿನ ಬರೀ ನೀರು ತುಂಬಿ ಪರೀಕ್ಷೆ ಮಾಡಿದೆವು. ಗೇಜಿನಲ್ಲಿ 3 ಕೆಜಿ ಒತ್ತಡ ಇಟ್ಟು, ನಾಜಲಿನ ಕೆಳಗೆ ಬಕೆಟ್ ಹಿಡಿದು, ಮೊಬೈಲಿನಲ್ಲಿ ಒಂದು ನಿಮಿಷ ಎಣಿಸಿದೆ. ಒಡ್ಡಿನ ಹತ್ತಿರ 2 ಲೀಟರ್ ಬಂತು. ಅದೇ ಪೈಪು, ಅದೇ ನಾಜಲ್ ಹೊಲದ ನೆತ್ತಿಯಲ್ಲಿ 1.8 ಲೀಟರ್ ಮಾತ್ರ ಕೊಟ್ಟಿತು.

ಕಾರಣವನ್ನು ವಿಜ್ಞಾನ ವಿಭಾಗದ ಗೆಳೆಯ ಹೇಳಿದ. ನೀರು 10 ಮೀಟರ್ ಮೇಲೇರಿದರೆ ಸುಮಾರು 1 ಕೆಜಿ ಒತ್ತಡ ಕಳೆಯುತ್ತದೆ. ಗೌಂಡಿಗಳ ನೀರಿನ ನಳಿಕೆಯಿಂದ ಹಂತಹಂತವಾಗಿ ಅಳೆದಾಗ ನಮ್ಮ ನೆತ್ತಿ 6 ಮೀಟರ್ ಎತ್ತರ ಇತ್ತು. ಹಾಗಾಗಿ ಅಲ್ಲಿ ಒತ್ತಡ 0.6 ಕೆಜಿ ಕಡಿಮೆ. ನಾಜಲಿನ ನೀರು ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ. ಲೆಕ್ಕ ಹಾಕಿದರೂ ಉತ್ತರ ಸುಮಾರು 1.8 ಲೀಟರೇ. ಪರಿಹಾರಕ್ಕೆ ಹಣ ಬೇಕಿಲ್ಲ: ಕೆಳಗಿನ ಗಿಡಕ್ಕೆ 60 ಸೆಕೆಂಡು ನಿಂತರೆ ನೆತ್ತಿಯ ಗಿಡಕ್ಕೆ 67 ಸೆಕೆಂಡು ನಿಲ್ಲಬೇಕು. ಅಳೆಯದಿದ್ದರೆ ಮೇಲಿನ ಸಾಲಿನ ಹುಳು ಉಳಿಯುತ್ತಿತ್ತು, ನಾವು ಔಷಧವೇ ಸರಿಯಿಲ್ಲ ಎಂದು ಇನ್ನಷ್ಟು ಸುರಿಯುತ್ತಿದ್ದೆವು.

ಲೆಕ್ಕ ಬರೆದದ್ದು

ಇದು ನನ್ನ ವಿಷಯ. ಒಟ್ಟು ಖರ್ಚು 8,000 ರೂಪಾಯಿ. ಗುಜರಿ ಬೆಲೆ 1,000, ಆಯುಷ್ಯ 5 ವರ್ಷ. ಸರಳ ರೇಖಾ ವಿಧಾನದಲ್ಲಿ ವರ್ಷದ ಸವಕಳಿ (8,000 − 1,000) ÷ 5 = 1,400 ರೂಪಾಯಿ. ವರ್ಷಕ್ಕೆ 7 ಸಲ ಹೊಡೆದರೆ ಪ್ರತಿ ಸಲಕ್ಕೆ 200.

ಮೊದಲು ಅಬ್ಬಾ ಮತ್ತು ಒಬ್ಬ ಆಳು ಇಡೀ ದಿನ ದುಡಿಯುತ್ತಿದ್ದರು. ಈಗ ಇಬ್ಬರಿಗೂ ಅರ್ಧ ದಿನ. ದಿನಕ್ಕೆ 500ರಂತೆ ಆಳಿನ ಕೂಲಿಯಲ್ಲಿ 250 ಉಳಿಯಿತು. ಸವಕಳಿ 200 ಕಳೆದೆ. ಲಾಭ ಬರೀ 50 ರೂಪಾಯಿ! ಬೇಸರದಿಂದ ಅಬ್ಬಾಗೆ ತೋರಿಸಿದೆ. ಅವರು ನಕ್ಕು ಕೇಳಿದರು: “ಮೇರಿ ಪೀಟ್ ಮುಫತ್ ಕಿ ಹೈ ಕ್ಯಾ?” ನನ್ನ ಬೆನ್ನೇನು ಪುಕ್ಕಟೆಯೇ?

ನಿಜ, ಅವರ ಕೂಲಿಯ ಜಾಗದಲ್ಲಿ ನಾನು ಸೊನ್ನೆ ಬರೆದಿದ್ದೆ. ಅರ್ಥಶಾಸ್ತ್ರ ತರಗತಿಯಲ್ಲಿ ಅವ್ಯಕ್ತ ವೆಚ್ಚ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಅವರ ಅರ್ಧ ದಿನದ 250 ಸೇರಿಸಿದಾಗ ಪ್ರತಿ ಸಲ 300, ವರ್ಷಕ್ಕೆ 2,100 ರೂಪಾಯಿ ಉಳಿತಾಯ. ಆಸ್ಪತ್ರೆಯ ಆ ರಾತ್ರಿಗೆ ಯಾವ ಕಲಮಿನಲ್ಲಿ ಬೆಲೆ ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ.

ನೆನಪಿಡಿ

ಪಂಪು ಎಷ್ಟೇ ಚೆನ್ನಾಗಿದ್ದರೂ ವಿಷ ವಿಷವೇ. ಡಬ್ಬಿಯ ತ್ರಿಕೋನ ನೋಡಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕಟ್ಟಿದ ನಾಜಲನ್ನು ಬಾಯಿಂದ ಊದಬೇಡಿ. ತೊಂದರೆಯಾದರೆ ಡಬ್ಬಿಯ ಲೇಬಲ್ಲನ್ನು ಆಸ್ಪತ್ರೆಗೆ ಒಯ್ಯಿರಿ. ನನಗೆ 17 ವರ್ಷ. ಅಬ್ಬಾ ನನಗೆ ಔಷಧ ಮುಟ್ಟಗೊಡುವುದಿಲ್ಲ. ನೀರಿನ ಪರೀಕ್ಷೆ ಮತ್ತು ಲೆಕ್ಕದ ಪುಸ್ತಕ ಮಾತ್ರ ನನ್ನವು.

ಈ ಭಾನುವಾರ ನಿಮ್ಮ ಮನೆಯ ಪಂಪಿಗೂ ಬರೀ ನೀರು ತುಂಬಿ ಒಂದು ನಿಮಿಷ ಬಕೆಟ್ ಹಿಡಿದು ನೋಡಿ. ಬಂದ ಅಂಕಿಯನ್ನು ಬರೆದಿಡಿ. ಲೆಕ್ಕದಲ್ಲಿ ಮನೆಯವರ ಬೆನ್ನನ್ನು ಮರೆಯಬೇಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ