ಹಲ್ಲು ಕಿತ್ತವರು ಯಾರು?

ಸಂಜೆ ಆರೂವರೆಗೆ ಶುರುವಾಗುವ ನನ್ನ ಇಂಗ್ಲಿಷ್ ತರಗತಿಗೆ ಮಕ್ಕಳು ಬರುವುದಿಲ್ಲ. ಅಂಗಡಿಗೆ ಬೀಗ ಹಾಕಿ ಬರುವವರು, ಡ್ಯೂಟಿ ಮುಗಿಸಿದ ನರ್ಸುಗಳು, ಇಂಟರ್‌ವ್ಯೂ ಹತ್ತಿರ ಬಂದು ನಿದ್ದೆಗೆಟ್ಟ ಡಿಪ್ಲೊಮಾ ಹುಡುಗರು ಬರುತ್ತಾರೆ. ದಾವಣಗೆರೆಯಲ್ಲಿ 22 ವರ್ಷ ಇವರ ವಾಕ್ಯಗಳ ಜೊತೆ ಏಗಿದ್ದೇನೆ. ಈ ಪಾಠಗಳನ್ನು ಕಲಿಸಿದವರು ಅವರು, ಕಲಿತವನು ನಾನು.

1. ಕ್ರಿಯಾಪದವನ್ನು ಒಂಟಿಯಾಗಿ ಕಲಿಸಬೇಡಿ.

ಮೊದಮೊದಲು ನಾನು ಬರೀ ಅರ್ಥ ಬಾಯಿಪಾಠ ಮಾಡಿಸುತ್ತಿದ್ದೆ. ಎಕ್ಸ್‌ಪ್ಲೇನ್ ಅಂದರೆ ವಿವರಿಸು, ಅಲ್ಲಿಗೆ ಮುಗಿಯಿತು. ಮರುದಿನ ಇಡೀ ತರಗತಿ 'ಎಕ್ಸ್‌ಪ್ಲೇನ್ ಮಿ ದಿಸ್, ಸರ್' ಅನ್ನುತ್ತಿತ್ತು. ಅವರದೇನು ತಪ್ಪು? 'ನನಗೆ ಕೊಡಿ, ನನಗೆ ಹೇಳಿ, ನನಗೆ ವಿವರಿಸಿ' ಮೂರಕ್ಕೂ ಕನ್ನಡದಲ್ಲಿ ಒಂದೇ 'ಗೆ'. ಇಂಗ್ಲಿಷ್ ಮಾತ್ರ ಇಲ್ಲಿ ಪಂಕ್ತಿಭೇದ ಮಾಡುತ್ತದೆ. ಗಿವ್, ಟೆಲ್, ಶೋ, ಸೆಂಡ್ ಆ ಭಾಷೆಯ ಹಳೆಯ ಒಕ್ಕಲು, ಅವುಗಳ ಪಕ್ಕದಲ್ಲಿ 'ಮಿ' ನೇರ ಕೂರಬಹುದು. ಲ್ಯಾಟಿನ್ ಮೂಲದ ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್ ನಡುವೆ ಒಂದು 'ಟು' ಇಲ್ಲದೆ ಮನುಷ್ಯರನ್ನು ಹತ್ತಿರ ಸೇರಿಸುವುದಿಲ್ಲ: 'ಎಕ್ಸ್‌ಪ್ಲೇನ್ ಇಟ್ ಟು ಮಿ'. ಆಫರ್, ಪ್ರಾಮಿಸ್ ಕೂಡ ಲ್ಯಾಟಿನ್ ಕುಲದವೇ, ಆದರೆ ಈ ಮಡಿ ಪಾಲಿಸುವುದಿಲ್ಲ. ಹಾಗಾಗಿ ಇದನ್ನು ನಿಯಮ ಅಂತ ಗೋಡೆಗೆ ಬರೆಯಬೇಡಿ.

ನಮ್ಮಲ್ಲೂ ಇಂಥದ್ದು ಇದೆಯಲ್ಲ. ಕೊಡು, ಹೇಳು ತಮ್ಮ ಕಾಲ ಮೇಲೆ ನಿಲ್ಲುತ್ತವೆ. ಸಂಸ್ಕೃತದ 'ವಿವರ' ಮಾತ್ರ 'ಇಸು' ಅಂಟಿಸಿಕೊಳ್ಳದೆ ಕ್ರಿಯಾಪದ ಆಗಲಾರದು. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಒಬ್ಬ ಜವಳಿ ಅಂಗಡಿಯವರು 'ಅವರ ಮನೆ ದೋಸೆನೂ ತೂತೇ ಅನ್ನಿ' ಅಂದರು.

2. ನಿಘಂಟಿನ ಸಣ್ಣ ಅಕ್ಷರಗಳನ್ನು ಓದಿ.

ನನ್ನ ಹಳೆಯ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ 1974ರದು, ಬೆನ್ನಿಗೆ ಟೇಪು ಸುತ್ತಿದ್ದೇನೆ. ಅದರಲ್ಲಿ ಕ್ರಿಯಾಪದದ ಪಕ್ಕ 'ವಿಪಿ' ಅಂತ ಒಂದು ಗುರುತು, ಜೊತೆಗೊಂದು ಅಂಕಿ. ಎಷ್ಟೋ ವರ್ಷ ಅದು ಮುದ್ರಕರ ಗುರುತು ಅಂದುಕೊಂಡಿದ್ದೆ! ವಿಪಿ ಅಂದರೆ ವರ್ಬ್ ಪ್ಯಾಟರ್ನ್, ಯಾವ ಕ್ರಿಯಾಪದದ ಹಿಂದೆ ಏನೇನು ಬರಬಹುದು ಎಂಬ ಪಟ್ಟಿ. ಇದರ ಹಿಂದಿದ್ದವರು ಎ.ಎಸ್. ಹಾರ್ನ್‌ಬಿ. 1924ರಲ್ಲಿ ಪಾಠ ಹೇಳಲು ಜಪಾನಿಗೆ ಹೋದವರು. ಜಪಾನಿ ಭಾಷೆಯಲ್ಲೂ ಕ್ರಿಯಾಪದ ಕನ್ನಡದ ಹಾಗೆ ವಾಕ್ಯದ ಕೊನೆಗೇ ಬರುತ್ತದೆ, ಕಲಿಯುವವರ ಗೋಳು ಹೆಚ್ಚುಕಡಿಮೆ ನಮ್ಮದೇ. ಅವರು ಇಂಗ್ಲಿಷ್ ಕ್ರಿಯಾಪದಗಳನ್ನು 25 ಮಾದರಿಗಳಲ್ಲಿ ಹಂಚಿದರು. ನಿಘಂಟು 1942ರಲ್ಲಿ, ಯುದ್ಧದ ನಡುವೆಯೇ, ಟೋಕಿಯೊದಲ್ಲಿ ಅಚ್ಚಾಯಿತು. ಆಕ್ಸ್‌ಫರ್ಡ್ ಅದನ್ನು ಹೊರತಂದದ್ದು 1948ರಲ್ಲಿ.

3. ಮಾಡುವುದು ಬೇರೆ, ಮಾಡಿಸುವುದು ಬೇರೆ.

ಒಬ್ಬ ಹುಡುಗ ಎರಡು ದಿನ ತಪ್ಪಿಸಿಕೊಂಡು ದವಡೆ ಹಿಡಿದುಕೊಂಡು ಬಂದ. ಯಾಕೆ ಬರಲಿಲ್ಲ ಅಂದೆ. 'ಐ ಪುಲ್ಡ್ ಔಟ್ ಮೈ ಟೂತ್, ಸರ್.'

ಕನ್ನಡಿಯ ಮುಂದೆ ಇಕ್ಕಳ ಹಿಡಿದು ನಿಂತ ಅವನನ್ನು ಊಹಿಸಿಕೊಂಡು ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ಅವನ ತಲೆಯಲ್ಲಿದ್ದ ಕನ್ನಡ ಎಷ್ಟು ಅಚ್ಚುಕಟ್ಟು! 'ಹಲ್ಲು ಕೀಳಿಸಿಕೊಂಡೆ.' 'ಕೀಳು'ಗೆ 'ಇಸು' ಸೇರಿದ ಕೂಡಲೇ ಡಾಕ್ಟರು ಬಂದು ನಿಲ್ಲುತ್ತಾರೆ. 'ಕೊಂಡೆ' ಸೇರಿದರೆ ಹಲ್ಲೂ ನೋವೂ ನನ್ನವೇ ಎಂದಾಯಿತು. ಇಷ್ಟೂ ಒಂದೇ ಪದದ ಬಾಲದಲ್ಲಿ. ಇಂಗ್ಲಿಷಿಗೆ ಆ ಬಾಲ ಇಲ್ಲ, ಅದು ಪದಗಳನ್ನು ಕೂರಿಸುವ ಜಾಗದಲ್ಲೇ ಕೆಲಸ ತೀರಿಸಿಕೊಳ್ಳಬೇಕು. ಮೊದಲು ಹ್ಯಾವ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ: 'ಐ ಹ್ಯಾಡ್ ಮೈ ಟೂತ್ ಪುಲ್ಡ್ ಔಟ್'. ಈಗ ಅದೇ ಪದಗಳನ್ನು ಸ್ವಲ್ಪ ಸರಿಸಿ: 'ಐ ಹ್ಯಾಡ್ ಪುಲ್ಡ್ ಔಟ್ ಮೈ ಟೂತ್'. ಒಂದು ಪದವೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಆದರೆ ಇಕ್ಕಳ ಮತ್ತೆ ಹುಡುಗನ ಕೈಗೇ ಬಂತು. ಕನ್ನಡದಲ್ಲಿ 'ಕೀಳಿಸಿಕೊಂಡೆ ನಾನು ಹಲ್ಲು' ಅಂದರೂ ಡಾಕ್ಟರು ಕದಲುವುದಿಲ್ಲ.

ಆಮೇಲಿನಿಂದ ಪ್ರತಿ ಬ್ಯಾಚಿಗೂ ಮನೆಯಲ್ಲಿ ಬಳಸುವ 'ಇಸು' ಪದಗಳನ್ನು ಪಟ್ಟಿ ಮಾಡಿ ತರಲು ಹೇಳುತ್ತೇನೆ. ಹೊಲಿಸು, ಕಟ್ಟಿಸು, ಸುಣ್ಣ ಹೊಡೆಸು, ಪಂಕ್ಚರ್ ಹಾಕಿಸು. 'ಐ ಸ್ಟಿಚ್ಡ್ ಎ ಬ್ಲೌಸ್' ಎಂದು ಟೈಲರ್ ಹೊಲಿದ ಬ್ಲೌಸಿನ ಬಗ್ಗೆ ಹೇಳುತ್ತಿದ್ದವರು ಆ ವಾರ ನಿಲ್ಲಿಸುತ್ತಾರೆ. ಮನೆಯ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೆ ಹೋಗುವುದಿಲ್ಲ. ಗಾರೆ ಮುಟ್ಟದ ಯಜಮಾನರೂ 'ವಿ ಬಿಲ್ಟ್ ಎ ಹೌಸ್' ಅನ್ನುತ್ತಾರೆ, ಇಂಗ್ಲಿಷರೂ ಅನ್ನುತ್ತಾರೆ. ದುಡ್ಡು ಸುರಿದವರಿಗೆ ಅಷ್ಟು ಸಲಿಗೆ ಇರಲಿ.

4. 'ಹೌದು, ಇಲ್ಲ' ಎಂಬ ಉತ್ತರ ಕನ್ನಡದಲ್ಲೇ ಇರಲಿ.

ಇದು ನಗುವ ವಿಷಯವಲ್ಲ. ನಮ್ಮ ಒಬ್ಬ ನರ್ಸಿಗೆ ಹೊರದೇಶದ ಕೆಲಸಕ್ಕೆ ಫೋನ್ ಸಂದರ್ಶನ. 'ಸೋ ಯು ಹ್ಯಾವಂಟ್ ವರ್ಕ್ಡ್ ಇನ್ ಆ್ಯನ್ ಐಸಿಯು?' ಈಕೆ 'ಎಸ್' ಅಂದಳು. 'ಹೌದು, ನೀವು ಹೇಳಿದ್ದು ಸರಿ, ಮಾಡಿಲ್ಲ' ಅಂತ. ಆ ಕಡೆಯವರು ಮಾಡಿದ್ದಾಳೆ ಅಂದುಕೊಂಡು ಅರ್ಧ ಗಂಟೆ ವೆಂಟಿಲೇಟರ್ ಬಗ್ಗೆಯೇ ಕೇಳಿದರು. ಕೆಲಸ ಸಿಗಲಿಲ್ಲ. ಕನ್ನಡದ 'ಹೌದು' ಎದುರಿನವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ಎಸ್, ನೋ ನೋಡುವುದು ಕೆಲಸ ಮಾಡಿದ್ದೀಯೋ ಇಲ್ಲವೋ ಎಂಬುದನ್ನು. ಅದಕ್ಕೇ ಬರಿಯ 'ಎಸ್', ಬರಿಯ 'ನೋ' ಎಂದು ನಿಲ್ಲಿಸಲು ನಾನು ಬಿಡುವುದಿಲ್ಲ. 'ನೋ, ಐ ಹ್ಯಾವಂಟ್' ಎಂದು ಬಾಲ ಸಮೇತ ಬರಬೇಕು.

5. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಗೆ ಹೋದರೆ ನೆಟ್ಟಗಾಗುತ್ತದೆ.

'ವೇರ್ ಈಸ್ ದ ಬಸ್ ಸ್ಟ್ಯಾಂಡ್?' ಸರಿ. 'ಕ್ಯಾನ್ ಯು ಟೆಲ್ ಮಿ' ಸೇರಿಸಿದಿರೋ, 'ವೇರ್ ದ ಬಸ್ ಸ್ಟ್ಯಾಂಡ್ ಈಸ್'. ಕನ್ನಡದಲ್ಲಿ ಇಂಥ ತೊಂದರೆಯೇ ಇಲ್ಲ, ಪ್ರಶ್ನೆಯನ್ನು ಇದ್ದ ಹಾಗೇ ಎತ್ತಿಟ್ಟು 'ಅಂತ' ಎಂದು ಮೊಳೆ ಹೊಡೆದರೆ ಆಯಿತು.

6. ಮೇಕ್, ವಾಂಟ್, ಸಜೆಸ್ಟ್.

'ಮೇಕ್ ಹಿಮ್ ಗೋ', 'ವಾಂಟ್ ಹಿಮ್ ಟು ಗೋ', 'ಸಜೆಸ್ಟ್ ದಟ್ ಹಿ ಗೋ'. ಕಾರಣ ಕೇಳಬೇಡಿ. ಮೂರನ್ನೂ ಜೋರಾಗಿ ಹೇಳಿ, ನಾಲಿಗೆಗೆ ಕೂರಲಿ.

7. ಟೇಬಲ್ಲನ್ನು ನಂಬಿ, ಆದರೆ ಅರ್ಧ ಮಾತ್ರ.

ನಾನು ಸಬ್‌ಸ್ಟಿಟ್ಯೂಷನ್ ಟೇಬಲ್ಲಿನ ಕೂಸು. ನಾಲ್ಕು ಕಂಬಸಾಲು, ಒಂದೊಂದರಿಂದ ಒಂದು ಪದ ಆರಿಸು, ವಾಕ್ಯ ರೆಡಿ. ಇದಷ್ಟೇ ಸಾಲದು ಅಂದವರು ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ನಡೆದ ಅವರ ಬೆಂಗಳೂರು ಪ್ರಾಜೆಕ್ಟಿನಲ್ಲಿ ವ್ಯಾಕರಣದ ಮಾದರಿಗಳನ್ನು ಬದಿಗಿಟ್ಟು ಮಕ್ಕಳ ಕೈಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಅರ್ಥದ ಹಿಂದೆ ಬಿದ್ದರೆ ಮಾದರಿ ತಾನಾಗಿ ಕೂರುತ್ತದೆ ಎಂಬ ನಂಬಿಕೆ. ದಿನವಿಡೀ ದುಡಿದು ಬರುವ ನನ್ನ ಜನಕ್ಕೆ ಅಷ್ಟು ಕಾಯುವ ವ್ಯವಧಾನ ಇಲ್ಲ, ಟೇಬಲ್ ಬಿಡಲು ನನಗೂ ಧೈರ್ಯ ಬಂದಿಲ್ಲ. ಆದರೂ ಪ್ರಭು ಹೇಳಿದ್ದು ನೆನಪಾಗುವ ಸಂಜೆಗಳಿವೆ.

ಹಲ್ಲಿನ ಹುಡುಗ ಎರಡು ವಾರ ಹ್ಯಾವ್ ಟೇಬಲ್ಲನ್ನು ಅರೆದು ಕುಡಿದ. ಒಂದು ದಿನ ಬಾಗಿಲಲ್ಲೇ ನಿಂತು 'ಸರ್, ಐ ಹ್ಯಾಡ್ ಮೈ ಬೈಕ್ ರಿಪೇರ್ಡ್' ಅಂದ. ಒಂದು ಚೂರೂ ತಪ್ಪಿಲ್ಲ. ಖುಷಿಯಿಂದ 'ಯಾವ ಗ್ಯಾರೇಜಪ್ಪ?' ಅಂದೆ.

ಕೈಯ ಗ್ರೀಸು ತೋರಿಸಿದ. 'ಗ್ಯಾರೇಜ್ ಎಲ್ಲಿಂದ ಸರ್, ನಾನೇ ಮಾಡಿದೆ.'